ಒಲ್ಲೆತೋಪು

ಕೃಷ್ಣೆ ತುಂಗಭದ್ರೆಗಳ ನಡುವಿನ ಹಿರೇಗುಂಡಿಯಲ್ಲಿ ಬಸ್ಸಿಳಿದವರಿಗೆ ಮೊದಲು ಕಾಣುವುದು ಬೋಳು ಬಂಡೆಗಳ ಗುಡ್ಡ, ಅದರ ನೆತ್ತಿಯ ಮೇಲೊಂದು ಮುಳ್ಳುತೋಪು. ನಡುವೆ ಕಲ್ಲಿನ ಶಿಲುಬೆ, ಸುತ್ತ ಹದಿನಾಲ್ಕು ಬಂಡೆಗಳ ಹಾದಿ, ಬಂಡೆಗೊಂದು ಬೋರೆ ಗಿಡ. ಶಿಲುಬೆಯತ್ತ ನಡೆದ ಯೇಸುಸ್ವಾಮಿಯ ಹದಿನಾಲ್ಕು ಹಂತದ ಪಾಡನ್ನು ನೆನೆಯುತ್ತ ಸುಮ್ಮನೆ ಕೂರಲು ಮಾಡಿದ ತೋಟವಿದು. ಇಂಥದ್ದು ರೋಮಾಪುರಿಯಲ್ಲೂ ಇಲ್ಲ ಎನ್ನುತ್ತಾರೆ ಊರ ಹಿರಿಯರು. ಅವರಲ್ಲಿ ಒಬ್ಬರೂ ರೋಮಾಪುರಿ ಕಂಡಿಲ್ಲವೆಂಬುದು ಬೇರೆ ಮಾತು. ಫಲಕದಲ್ಲಿ ‘ಧ್ಯಾನವನ’ ಎಂದಿದೆ. ಜನರ ಬಾಯಲ್ಲಿ ಅದು ಒಲ್ಲೆತೋಪು.

ಹಿಂದೆ, ದೇಸಾಯರು ಕೆಮ್ಮಿದರೆ ಊರೇ ಕೈಕಟ್ಟಿ ನಿಲ್ಲುತ್ತಿದ್ದ ಕಾಲದಲ್ಲಿ, ಸಮುದ್ರದಾಚೆಯಿಂದ ಲಿಯಾಂದ್ರ ಪಾದ್ರಿಗಳು ಬಂದರು. ಮೊದಲು ಅವರ ಗಡ್ಡ ಊರು ಹೊಕ್ಕು, ನೀರು ಕುಡಿದು, ಕಟ್ಟೆಯ ಮೇಲೆ ಕೂತ ಮೇಲೆ ಪಾದ್ರಿಗಳು ಬಂದರಂತೆ. ತೋಟಕ್ಕೆಂದು ಅವರು ಗುಡ್ಡ ಬೇಡಿದಾಗ ದೇಸಾಯರು ಒಂದು ಕರಾರು ಹಾಕಿದರು: ಮೂರನೆಯ ಈಸ್ಟರಿಗೆ, ಅಂದರೆ ಪಾಸ್ಕ ಹಬ್ಬಕ್ಕೆ, ತೋಟ ಹಸಿರಾಗಿರಬೇಕು, ಇಲ್ಲವಾದರೆ ಬಂಡೆ ಒಡೆದು ತಮ್ಮ ವಾಡೆಗೆ ಮೆಟ್ಟಿಲು. ಸ್ವಾಮಿ ಹಿಡಿದುಕೊಡಲ್ಪಡುವ ಮುನ್ನ ಪ್ರಾರ್ಥಿಸಿದ್ದು ‘ಒಲಿವೆ’ ಎಂಬ ಆಲಿವ್ ಮರಗಳ ಕೆಳಗೆ, ಅವೇ ಬೇಕೆಂದು ಪಾದ್ರಿಗಳು ಹಡಗಿನಲ್ಲಿ ಹದಿನಾಲ್ಕು ಸಸಿ ತರಿಸಿದರು. ನೀರು ಹೊರಲು ಒಪ್ಪಿದವಳು ಜ್ಞಾನವ್ವ. ಅವಳ ಮನೆಯಲ್ಲಿದ್ದ ಹನ್ನೊಂದು ಬಾಯಿಯೂ ದಿನವಿಡೀ ಅವಳ ಹೆಸರನ್ನೇ ಕೂಗುತ್ತಿದ್ದವು. ಬಾಯಿ ಮುಚ್ಚಿ ಕೂರಲು ಲೋಕದಲ್ಲಿ ಅವಳಿಗೆ ಸಿಕ್ಕ ಒಂದೇ ಜಾಗ ಆ ಗುಡ್ಡ.

ಆದರೆ ಹಿರೇಗುಂಡಿಯ ಬಿಸಿಲೆಂದರೆ ಸಾಮಾನ್ಯವೆ? ಬಂಡೆ ದಾಟಲು ಓತಿಕ್ಯಾತವೂ ಚಪ್ಪಲಿ ಕೇಳುತ್ತದೆ. ಮೊದಲ ಬೇಸಿಗೆಗೇ ಹದಿನಾಲ್ಕೂ ಸಸಿ ಸುಟ್ಟು ಕಡ್ಡಿಯಾದವು. ಪಾದ್ರಿಗಳು ಗಡ್ಡದಲ್ಲಿ ಮುಖ ಮುಚ್ಚಿ ಅತ್ತರು. ಜ್ಞಾನವ್ವ ಅಳಲಿಲ್ಲ. ಅದೇ ಕುಣಿಗಳಲ್ಲಿ ಬೋರೆ ಬೀಜ ಊರಿದಳು.

“ಇದು ಒಲಿವೆ ಅಲ್ಲ, ಜ್ಞಾನವ್ವ,” ಎಂದರು ಪಾದ್ರಿಗಳು.

“ಈ ದುಃಖದ ಬಟ್ಟಲ ಒಲ್ಲೆ ಅಂತ ಸ್ವಾಮಿ ಅಂದದ್ದು ಆ ಗಿಡದ ಕೆಳಗ. ಅದಕ್ಕ ಅದು ಒಲ್ಲೆ ಗಿಡ. ಯಾವ ಗಿಡದ ಕೆಳಗ ಕುಂತು ಒಲ್ಲೆ ಅಂದರೂ ಅದು ಒಲ್ಲೆ ಗಿಡಾನೇ, ಸ್ವಾಮ್ಯಾರ.”

“ಆದರೆ ಆಮೇಲೆ ಸ್ವಾಮಿ, ತಂದೆಯೇ, ನಿನ್ನ ಚಿತ್ತದಂತಾಗಲಿ ಎಂದರಲ್ಲ?”

“ಆಮ್ಯಾಲಿನ ಮಾತಿಗೆ ನಿಮ್ಮ ಗುಡಿ ಐತಿ. ಮೊದಲಿನ ಮಾತಿಗೊಂದು ತೋಟ ಬ್ಯಾಡೇನು?”

ಹತ್ತು ಭಾಷೆ ಬಲ್ಲ ಪಾದ್ರಿಗಳು ಕೊಡ ಎತ್ತಿಕೊಂಡು ಬೋರೆ ಬೀಜಕ್ಕೆ ನೀರು ಹಾಕಿದರು ಎನ್ನುತ್ತಾರೆ.

ಮೂರನೆಯ ಪಾಸ್ಕಕ್ಕೆ ದೇಸಾಯರು ಕುದುರೆ ಏರಿ, ಹದಿನೆಂಟು ಕಲ್ಲುಕುಟಿಗರನ್ನು ಕರೆದುಕೊಂಡು ಬಂದರು. ಎದೆಮಟ್ಟ ಬೆಳೆದ ಬೋರೆ ನೋಡಿ, ಶಿಲುಬೆಯ ಬುಡದ ಬಂಡೆಗೆ ಒರಗಿ ಕೂತಿದ್ದ ಜ್ಞಾನವ್ವನತ್ತ ತಿರುಗಿ ನಕ್ಕರು. “ಬೇಲಿಗೆ ಹಾಕೋ ಮುಳ್ಳಿಗೆ ತೋಟ ಅಂತೀಯೇನ?”

“ಯೇಸುಸ್ವಾಮಿ ತಲಿಗೆ ಇಟ್ಟದ್ದೂ ಮುಳ್ಳೇರಿ ಧಣಿ, ಮಲ್ಲಿಗಿ ಅಲ್ಲ.”

“ಏಳು ಮ್ಯಾಲ!”

ಜ್ಞಾನವ್ವ ಕಾಲು ಮಡಚಿ ಇನ್ನೂ ಒತ್ತಿ ಕೂತಳು. “ಒಲ್ಲೆ.”

ದೇಸಾಯರು ಕುಟಿಗರ ಹಿರಿಯ ಹುಲಗಪ್ಪನಿಗೆ ಅವಳ ಬೆನ್ನಿನ ಬಂಡೆ ತೋರಿಸಿ, ಹೊಡೆ ಎಂದರು. ಮೂರು ತಲೆಮಾರಿನಿಂದ ‘ಹೂಂ ಧಣಿ’ ಎಂದೇ ಬದುಕಿದ ಮನೆತನ ಅವನದು. ಅವನು ಸುತ್ತಿಗೆ ಎತ್ತಿದ, ಬಂಡೆಗೊರಗಿ ಕೂತವಳನ್ನು ನೋಡಿದ, ಸುತ್ತಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟ. “ಒಲ್ಲೆನ್ರಿ,” ಎಂದ. ಅಂದ ಮೇಲೆ ತನ್ನ ಬಾಯನ್ನು ತಾನೇ ಮುಟ್ಟಿ ನೋಡಿಕೊಂಡ. ಅವನ ಹಿಂದೆ ಹದಿನೇಳು ಸುತ್ತಿಗೆ ನೆಲ ಮುಟ್ಟಿದವು. ಸಿಟ್ಟಿನಿಂದ ದೇಸಾಯರು ಕುದುರೆಗೆ ಹಿಮ್ಮಡಿ ಒತ್ತಿದರೆ, ಅದೂ ತಲೆ ಅಲ್ಲಾಡಿಸಿ ನಿಂತುಬಿಟ್ಟಿತಂತೆ. ದೇಸಾಯರು ನಡೆದೇ ಗುಡ್ಡ ಇಳಿದರು.

ಇಂದಿಗೂ ಅಲ್ಲಿಗೆ ಹೋದವರು ಬೋರೆಯ ಕೆಳಗೆ ಕೂತು, ತಮಗೆ ಬೇಡವಾದದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರೆ. ಯಾವ ಜಾತಿ, ಯಾವ ದೇವರು ಎಂದು ಯಾರೂ ಕೇಳುವುದಿಲ್ಲ. ಸುತ್ತಲ ಹಳ್ಳಿಗಳಲ್ಲಿ ಮದುವೆಯ ಮಾತು ಬಂದ ಹುಡುಗಿಯರು ವೀಳ್ಯ ಬದಲಿಸುವ ಮುನ್ನ ಇಲ್ಲಿ ಒಬ್ಬರೇ ಕೂತು ಬರಬೇಕೆಂಬ ಪದ್ಧತಿಯಿದೆ. ಭಾನುವಾರ ಹೋದರೆ ನೀವೂ ನೋಡಬಹುದು: ಒಳಗೆ ಹುಡುಗಿ ನಿಧಾನವಾಗಿ ಬೋರೆಹಣ್ಣು ತಿನ್ನುತ್ತಿರುತ್ತಾಳೆ, ಗೇಟಿನಾಚೆ ಗಂಡಿನ ಕಡೆಯವರು ಬಿಸಿಲಲ್ಲಿ ಕಾಯುತ್ತಿರುತ್ತಾರೆ.