ಜರಿಪೇಟದ ಪಕ್ಕದ ತುಂಡು

ಒಂದು ಸೂಜಿ ಹಳೆಯ ಬಟ್ಟೆಗಳನ್ನು ಜೋಡಿಸಿ, ನಾಡಿನ ಯುದ್ಧದ ಕಥೆಯನ್ನು ಕೌದಿಯಾಗಿ ಹೊಲಿಯುತ್ತಿತ್ತು. ರಾಜನ ಜರಿಪೇಟವನ್ನು ನಡುವೆ ಹಾಸಿ, ಪಕ್ಕದಲ್ಲಿ ಕಿಡಿ ಬಿದ್ದು ತೂತಾಗಿದ್ದ ಸೀರೆಯ ತುಂಡೊಂದನ್ನು ಇಟ್ಟಿತು.

“ಇದು ಯಾರದು?” ಎಂದಿತು ಪೇಟ.

“ದಂಡಿಗೆ ರೊಟ್ಟಿ ಬಡಿದವಳದು.”

“ನಾನು ರಾಜನ ತಲೆಯ ಮೇಲೆ ಕೂತು ಯುದ್ಧ ನೋಡಿದ್ದೇನೆ. ಅಂಥವಳು ಯಾರೂ ಇರಲಿಲ್ಲ.”

“ಅಷ್ಟು ಎತ್ತರಕ್ಕೆ ಒಲೆ ಕಾಣುವುದಿಲ್ಲ, ದೊರೆ. ದಂಡು ಉಂಡಿತ್ತಲ್ಲವೇ?”

“ಉಂಡಿತ್ತು.”

“ಹಾಗಾದರೆ ಯಾರೋ ಬಡಿದಿದ್ದರು. ಅವಳ ಹೆಸರು, ಮಾತು, ಸಿಟ್ಟು ನನ್ನ ಕಲ್ಪನೆ. ದಂಡಿನ ಹಸಿವು ಕಲ್ಪನೆಯಲ್ಲ.”

“ಕಟ್ಟುಕಥೆ! ಅವಳನ್ನು ಕಿತ್ತುಹಾಕು. ಇಲ್ಲವಾದರೆ ನನ್ನೊಳಗೆ ಇಳಿದು ನೋಡು. ಈ ಜರಿ ಎಷ್ಟೋ ಸೂಜಿಗಳನ್ನು ಮುರಿದಿದೆ.”

“ಮುರಿಯಲಿ. ನಿಮ್ಮನ್ನು ಬಿಟ್ಟು ಹೊಲಿದರೆ ಅದೂ ಸುಳ್ಳಾಗುತ್ತದೆ. ಸ್ವಲ್ಪ ಸರಿಯಿರಿ, ಅವಳಿಗೂ ಜಾಗ ಬೇಕು.”

ಸೂಜಿ ಸೀರೆಯನ್ನು ದಾಟಿ ಜರಿಯೊಳಗೆ ನುಗ್ಗಿತು. ಪೇಟ ಬಿಗಿಹಿಡಿಯಿತು. ಆಚೆ ಬದಿಗೆ ಹೊರಬರುವಷ್ಟರಲ್ಲಿ ಸೂಜಿಯ ಮೊನೆ ಟಕ್ಕೆಂದು ಮುರಿದುಬಿತ್ತು.

“ಮುರಿಯಿತಲ್ಲ!” ಎಂದು ಪೇಟ ನಕ್ಕಿತು.

“ಮುರಿಯಿತು. ದಾರ ಮಾತ್ರ ದಾಟಿ ಬಂದಿದೆ,” ಎಂದು ಸೂಜಿ ಗಂಟು ಬಿಗಿಯಿತು. “ಇನ್ನು ಅವಳನ್ನು ಕಿತ್ತರೆ ನೀವೂ ಹರಿಯುತ್ತೀರಿ.”