ದೂರು ಬರೆದ ಡಿಸ್ಕು

ಭಾರ್ಗವಿ ಮನೆಯಲ್ಲೇ ಒಂದು ಸರ್ವರ್ ಜೋಡಿಸಿದ್ದಳು. ಅಂದರೆ, ಮಗಳ ಬಾಲ್ಯದ ಫೋಟೊಗಳನ್ನೆಲ್ಲ ಒಂದೇ ಕಡೆ ಇಡುವ ಕಂಪ್ಯೂಟರ್. ಅದು ಹೊತ್ತುಗೊತ್ತಿಲ್ಲದೆ ಆರಿ, ಮತ್ತೆ ತಾನೇ ಹೊತ್ತಿಕೊಳ್ಳುತ್ತಿತ್ತು. ತಪ್ಪು ಅದರೊಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಹಳೆಯ ಪವರ್ ಸಪ್ಲೈ ಡಬ್ಬಿಯದು. ಕರೆಂಟ್ ಕುಸಿದಾಗಲೆಲ್ಲ ಪರದೆಯ ಮೇಲೆ ದೂರು ಬರೆಯುತ್ತಿದ್ದುದು ಮಾತ್ರ ಡಿಸ್ಕು.

"ನಿನಗೇಕಪ್ಪ ಊರ ಉಸಾಬರಿ? ಸುಮ್ಮನಿರು" ಎಂದಿತು ಡಬ್ಬಿ.

"ಫೋಟೊಗಳು ನನ್ನ ಹೊಟ್ಟೆಯಲ್ಲಿವೆ ಮಹಾರಾಯ. ನಾನು ಸುಮ್ಮನಿದ್ದರೆ ಅವು ಹಾಳಾಗುತ್ತವೆ. ಎಷ್ಟು ಸಲ ಹೇಳಲಿ?"

ಭಾರ್ಗವಿ ಪರದೆ ನೋಡಿದಳು. ದೂರನ್ನು ಓದಲಿಲ್ಲ, ದೂರು ಕೊಟ್ಟವನ ಹೆಸರನ್ನಷ್ಟೇ ಓದಿದಳು. "ಯಾವಾಗ ನೋಡಿದರೂ ಈ ಡಿಸ್ಕಿನದ್ದೇ ಗೋಳು" ಎಂದು ಗೊಣಗಿ, ಫೋಟೊಗಳನ್ನು ಹೊಸ ಡಿಸ್ಕಿಗೆ ತುಂಬಿ, ಹಳೆಯದನ್ನು ಗುಜರಿಗೆ ಹಾಕಿದಳು.

ಮರುದಿನ ಮತ್ತೆ ಕರೆಂಟ್ ಕುಸಿಯಿತು. ಹೊಸ ಡಿಸ್ಕು ದೂರು ಬರೆಯಲು ಹೊರಟಿತು.

"ನಿನ್ನ ಅಣ್ಣ ಎಲ್ಲಿಗೆ ಹೋದ, ಗೊತ್ತೇನು?" ಎಂದಿತು ಡಬ್ಬಿ.

ಹೊಸ ಡಿಸ್ಕು ತೆಪ್ಪಗಾಯಿತು.

ಸಂಜೆ ಭಾರ್ಗವಿ ಪರದೆ ನೋಡಿದಳು. ಒಂದು ದೂರೂ ಇರಲಿಲ್ಲ. "ಅಂತೂ ಸರಿಹೋಯಿತು" ಎಂದು ನೆಮ್ಮದಿಯಿಂದ ಎದ್ದುಹೋದಳು. ಒಳಗೆ ಮಗಳ ಮೊದಲ ಹುಟ್ಟುಹಬ್ಬದ ಫೋಟೊ ಆಗಲೇ ಅರ್ಧ ಅಳಿಸಿಹೋಗಿತ್ತು.