ಹುತ್ತದ ಮಂದಿ, ಉಂಡೆಯ ಹುಳು

“ಬುದ್ಧೀ, ಹಂಪಯ್ಯನನ್ನು ಬೇರೆ ಮಠಕ್ಕೆ ಕಳಿಸಬಾರದೇ?” ಎಂದು ಊಟ ಮುಗಿದ ಮೇಲೆ ಚನ್ನವೀರ ಗುರುಗಳನ್ನು ಕೇಳಿದ.

ಪಂಕ್ತಿಯಲ್ಲಿ ಎಲ್ಲರೂ ಕೂರುವ ತನಕ ಯಾರೂ ಎಲೆಗೆ ಕೈ ಹಾಕಬಾರದೆಂಬುದು ಆ ಮಠದ ಪದ್ಧತಿ. ಹಂಪಯ್ಯ ದಿನವೂ ತಡ. ಇವತ್ತೂ ಅವನು ಬಂದು ಕೂರುವಷ್ಟರಲ್ಲಿ ಅನ್ನ ಆರಿಹೋಗಿತ್ತು.

“ಬೆಳಗಾದರೆ ಹಸಿ ಸಗಣಿ ಹೊತ್ತುಕೊಂಡು ಹಿತ್ತಲಿಗೆ ನಡೆಯುತ್ತಾನೆ. ಕರೆದರೆ ಓಗೊಡುವುದಿಲ್ಲ, ಭಜನೆಗೂ ಕೂರುವುದಿಲ್ಲ. ಅವನಿಗೆ ನಾವು ಯಾರೂ ಬೇಡ.”

ಗುರುಗಳು ನಕ್ಕು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಕಾಡಿನಲ್ಲಿ ಒಂದು ಬೇಲದ ಮರ. ಅದರ ಬುಡದಲ್ಲಿ ಗೆದ್ದಲಿನ ಹುತ್ತ. ಗೆದ್ದಲುಗಳು ಲಕ್ಷಗಟ್ಟಲೆ ಇದ್ದರೂ ಒಂದೇ ಒಲೆಯವರಂತೆ ಬಾಳುತ್ತಿದ್ದವು. ಒಂದು ತಿಂದದ್ದನ್ನು ಇನ್ನೊಂದರ ಬಾಯಿಗೂ ಇಡುತ್ತಿತ್ತು.

“ಬೇಲದ ಹಣ್ಣು ತಿಂದಿದ್ದ ಆನೆಯೊಂದು ಅಲ್ಲಿ ಲದ್ದಿ ಹಾಕಿ ಹೋಯಿತು. ಅದು ಒಣಗಲೆಂದು ಗೆದ್ದಲುಗಳು ಕಾದವು. ಅಷ್ಟರಲ್ಲಿ ಒಂದು ಸಗಣಿಹುಳು ಹಾರಿಬಂತು. ಉಂಡೆ ಕಟ್ಟಿ, ಹಿಂಗಾಲಿನಿಂದ ತಳ್ಳತೊಡಗಿತು.

“‘ಹಂಚಿ ತಿನ್ನಲು ಬಾರದವನೇ, ಕೇಳದೆ ಕೈ ಹಾಕಿದೆಯಾ?’ ಎಂದಿತು ಗೆದ್ದಲು.

“‘ಒಣಗಿದರೆ ನನಗೆ ಉಂಡೆ ಕಟ್ಟಲಾಗದು, ಅಣ್ಣಾ. ಉಳಿದದ್ದೆಲ್ಲ ನಿಮ್ಮದೇ.’

“‘ತಲೆ ಕೆಳಗೆ ಮಾಡಿ ನಡೆಯುವವನಿಗೆ ಮಾತು ಬೇರೆ!’

“ಗೆದ್ದಲುಗಳು ಅದರ ಕಾಲು ಕಚ್ಚಿ ಓಡಿಸಿದವು. ಹುಳು ಉಂಡೆ ಬಿಡಲಿಲ್ಲ. ಬತ್ತಿದ ಹಳ್ಳದ ಆಚೆಗೆ ಉರುಳಿಸಿಕೊಂಡು ಹೋಗಿ ಮಣ್ಣಿನಲ್ಲಿ ಹೂತಿತು. ಉಂಡೆಯೊಳಗೆ ಬೇಲದ ಬೀಜವಿತ್ತು. ಅದು ಹುಳುವಿಗೂ ಗೊತ್ತಿರಲಿಲ್ಲ.

“ವರ್ಷಗಳು ಕಳೆದವು. ಹುತ್ತದ ಬಳಿಯ ಮರ ಒಣಗಿ ಬಿತ್ತು. ಗೆದ್ದಲುಗಳು ಅದನ್ನು ಹಂಚಿಕೊಂಡು ತಿಂದು ಮುಗಿಸಿದವು. ಆಮೇಲೆ ಹಂಚಿಕೊಳ್ಳಲು ಏನೂ ಉಳಿಯಲಿಲ್ಲ. ಮರಿಗಳು ಹಸಿದವು. ದೊಡ್ಡವು ಮಣ್ಣಿನ ಸುರಂಗ ಕಟ್ಟುತ್ತ ಹಳ್ಳ ದಾಟಿದವು. ಆಚೆ ದಡದಲ್ಲಿ ಒಂದು ಬೇಲದ ಮರ ನಿಂತಿತ್ತು. ಅದರಡಿ ಒಣಕೊಂಬೆಗಳು ಬಿದ್ದಿದ್ದವು. ಹುತ್ತಕ್ಕೆ ಜೀವ ಬಂತು. ಅಂದು ಎಲ್ಲರ ಬಾಯಿಗೂ ತುತ್ತು ಬಿತ್ತು. ಮರ ಅಲ್ಲಿಗೆ ಹೇಗೆ ಬಂತೆಂದು ಒಂದೂ ಕೇಳಲಿಲ್ಲ.”

“ಆ ಹುಳು ಏನಾಯಿತು, ಬುದ್ಧೀ?”

“ಹುಳುವಿನ ಮಾತಿರಲಿ, ಮಗೂ. ಇವತ್ತು ನೀನು ಕೇಳಿ ಕೇಳಿ ಹಾಕಿಸಿಕೊಂಡೆಯಲ್ಲ, ನಮ್ಮ ಹಿತ್ತಲಿನ ಕುಂಬಳಕಾಯಿ ಪಲ್ಯ, ರುಚಿಯಾಗಿತ್ತೇ?”

ಚನ್ನವೀರ ಹಿತ್ತಲ ಕಡೆ ತಿರುಗಿ ನೋಡಿದ. ಕುಂಬಳದ ಬಳ್ಳಿಯ ಬುಡದಲ್ಲಿ ಹಂಪಯ್ಯ ಹಾಕಿದ ಸಗಣಿ ಇನ್ನೂ ಹಸಿಯಾಗಿತ್ತು.